ಗಿಟಾರ್ ಮಾಡೆಲರಿಗೂ ಸಿಂಥಸೈಜರಿಗೂ ಒಂದೇ ಸ್ಪೀಕರ್: ಆಯ್ಕೆ ಹೇಗೆ?

ಕೆಲವು ವರ್ಷಗಳ ಹಿಂದೆ, ನಾನಿರುವ ಮಿಷಿಗನ್‌ನಲ್ಲಿ, ರಾಜ್ಯೋತ್ಸವದ ಸಂಜೆಯೊಂದರಲ್ಲಿ ನಾವು ನಾಲ್ವರು ಹವ್ಯಾಸಿಗಳು ಚಿತ್ರಗೀತೆಗಳನ್ನು ನುಡಿಸಿದೆವು. ಗೆಳೆಯರ ಬಳಿ ಗಿಟಾರ್ ಮತ್ತು ಹೊಸ ಮಾಡೆಲರ್ ಇದ್ದವು. ನನ್ನ ಬಳಿ ಸಿಂಥಸೈಜರ್. ವೇದಿಕೆ ಚಿಕ್ಕದೆಂದು ಎರಡನ್ನೂ ಹಳೆಯದೊಂದು ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸಿದೆವು. ಗಿಟಾರಿನ ದನಿ ಕಂಬಳಿ ಹೊದ್ದು ಹಾಡಿದಂತಿತ್ತು. ಸಿಂಥಿನ ಕೊಳಲಿನಲ್ಲಿ ಉಸಿರೇ ಇರಲಿಲ್ಲ. ಸ್ಪಷ್ಟತೆ ಸಾಲದೆಂದು ವಾಲ್ಯೂಮ್ ಏರಿಸಿದೆವು. ಏರಿಸಿದಷ್ಟೂ ಸದ್ದು ಹೆಚ್ಚಿತೇ ಹೊರತು ಸ್ಪಷ್ಟತೆಯಲ್ಲ. ಮನೆಗೆ ಮರಳಿದ ಮೇಲೆ ಎರಡು ದಿನ ನನಗೆ ಕಿವಿಮೊರೆತ. ರೋಗಿಗಳಿಗೆ ಬುದ್ಧಿ ಹೇಳುವ ವೈದ್ಯನಾದ ನಾನು ನನ್ನ ಕಿವಿಯನ್ನೇ ಕಾಯಲಿಲ್ಲ.

ತಪ್ಪು ಆ ಆಂಪ್ಲಿಫೈಯರಿನದಲ್ಲ, ನಮ್ಮ ತಿಳಿವಳಿಕೆಯದು. ವಾದ್ಯದ ದನಿ ಎಲ್ಲಿ ಪೂರ್ಣಗೊಳ್ಳುತ್ತದೆ ಎಂಬುದನ್ನು ಅರಿಯದೆ ಸ್ಪೀಕರನ್ನು ಆರಿಸಿದ್ದೆವು.

ದನಿ ಪೂರ್ಣಗೊಳ್ಳುವ ಸ್ಥಳ

ಎಲೆಕ್ಟ್ರಿಕ್ ಗಿಟಾರಿನ ಮಟ್ಟಿಗೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಕೇವಲ ಧ್ವನಿವರ್ಧಕಗಳಲ್ಲ. ಅವು ವಾದ್ಯದ ಅಂಗಗಳೇ. 12 ಅಂಗುಲದ ಸಾಮಾನ್ಯ ಗಿಟಾರ್ ಸ್ಪೀಕರ್ ಸುಮಾರು 75 ಹರ್ಟ್ಸ್‌ನಿಂದ 5,000 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಮಾತ್ರ ಚೆನ್ನಾಗಿ ಹೊಮ್ಮಿಸುತ್ತದೆ. ಅದರಿಂದಾಚೆ ಅದರ ದನಿ ಕಡಿದಾಗಿ ಕುಸಿಯುತ್ತದೆ. ಒಡೆದ, ಗರಗಸದಂತಹ ಡಿಸ್ಟಾರ್ಷನ್ ದನಿಯನ್ನು ಕಿವಿಗೆ ಹಿತವಾಗಿಸುವುದು ಈ ಮಿತಿಯೇ.

ಮಾಡೆಲರ್ ಎಂಬ ಯಂತ್ರ ಆಂಪ್ಲಿಫೈಯರನ್ನಷ್ಟೇ ಅಲ್ಲ, ಈ ಸ್ಪೀಕರನ್ನೂ ಅದರ ಮುಂದೆ ಇಟ್ಟ ಮೈಕನ್ನೂ ಗಣಿತದ ಮೂಲಕ ಅನುಕರಿಸುತ್ತದೆ. ಸ್ಪೀಕರ್ ಪೆಟ್ಟಿಗೆಯೊಂದು ಕ್ಷಣಿಕ ಮಿಡಿತಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ದಾಖಲೆಯನ್ನು ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ. ಗಿಟಾರಿನ ಸಂಕೇತವನ್ನು ಅದರ ಮೂಲಕ ಹಾಯಿಸಿದರೆ ಆ ಪೆಟ್ಟಿಗೆಯ ಗುಣ ಅದಕ್ಕೆ ಅಂಟುತ್ತದೆ. 1998ರ ಲೈನ್ 6 ಪಾಡ್, 2006ರ ಫ್ರ್ಯಾಕ್ಟಲ್ ಆಕ್ಸ್-ಎಫ್‌ಎಕ್ಸ್, 2015ರ ಹೀಲಿಕ್ಸ್, ಹೀಗೆ ಈ ಅನುಕರಣೆ ತಲೆಮಾರಿನಿಂದ ತಲೆಮಾರಿಗೆ ಸೂಕ್ಷ್ಮವಾಗಿದೆ.

ಇದರಿಂದ ಎರಡು ಬಗೆಯ ತಪ್ಪುಗಳು ಹುಟ್ಟುತ್ತವೆ. ಈಗಾಗಲೇ ಸ್ಪೀಕರಿನ ಗುಣ ಪಡೆದ ದನಿಯನ್ನು ಮತ್ತೊಂದು ಗಿಟಾರ್ ಸ್ಪೀಕರಿಗೆ ಕಳಿಸಿದರೆ ಅದು ಎರಡು ಸಲ ಸೋಸಲ್ಪಟ್ಟು ಮಂಕಾಗುತ್ತದೆ. ನಮ್ಮ ಕಂಬಳಿಯ ಕಥೆ ಅದೇ. ಇನ್ನೊಂದು, ಮಾಡೆಲರಿನಲ್ಲಿ ಕ್ಯಾಬಿನೆಟ್ ಅನುಕರಣೆಯನ್ನು ನಿಲ್ಲಿಸಿ ಪೂರ್ಣವ್ಯಾಪ್ತಿಯ ಸ್ಪೀಕರಿಗೆ ಜೋಡಿಸುವುದು. ಆಗ ಜೇನುಹುಳುಗಳ ಹಿಂಡು ಎದ್ದಂತೆ ಕೇಳಿಸುತ್ತದೆ. ಹೊಸ ಸ್ಪೀಕರ್ ಕರ್ಕಶವೆಂದು ಹಿಂದಿರುಗಿಸುವ ಮೊದಲು ಈ ಒಂದು ಗುಂಡಿಯನ್ನು ಪರೀಕ್ಷಿಸಿ.

ಸಿಂಥಸೈಜರಿನ ಸ್ಥಿತಿ ಇನ್ನೂ ಸರಳ. ಅದರ ದನಿ ಯಂತ್ರದೊಳಗೇ ಪೂರ್ಣಗೊಂಡಿರುತ್ತದೆ, ಆದರೆ ವ್ಯಾಪ್ತಿ ದೊಡ್ಡದು. ಗಿಟಾರಿನ ಅತಿ ಮಂದ್ರದ ತಂತಿ 82 ಹರ್ಟ್ಸ್‌ನದಾದರೆ, 88 ಕೀಲಿಗಳ ಕೀಬೋರ್ಡಿನ ಮೊದಲ ಕೀಲಿ 27.5 ಹರ್ಟ್ಸ್‌ನದು, ಮೇಲ್ಗಡೆ ಕೊಳಲಿನ ಉಸಿರು, ಗೆಜ್ಜೆಯ ಮಿನುಗು 10,000 ಹರ್ಟ್ಸ್ ದಾಟುತ್ತವೆ.

ಆದುದರಿಂದ ಎರಡಕ್ಕೂ ಬೇಕಾದುದು ತನ್ನದೇನನ್ನೂ ಸೇರಿಸದ, ತನ್ನೊಳಗೇ ಆಂಪ್ಲಿಫೈಯರ್ ಇರುವ ಪೂರ್ಣವ್ಯಾಪ್ತಿಯ ಸ್ಪೀಕರ್. ಮಾರುಕಟ್ಟೆಯಲ್ಲಿ ಇದಕ್ಕೆ ಎಫ್‌ಆರ್‌ಎಫ್‌ಆರ್ ಎಂಬ ಹೆಸರಿದೆ. ಸ್ಟೆತಸ್ಕೋಪ್ ತಾನೇ ಮರ್ಮರವನ್ನು ಹುಟ್ಟಿಸಿದರೆ ಹೃದಯದ ವಿಷಯದಲ್ಲಿ ನಾನು ಏನನ್ನು ನಂಬಲಿ? ಇಲ್ಲಿಯೂ ಹಾಗೆಯೇ. ಆದರೆ ಪೆಟ್ಟಿಗೆಯ ಮೇಲೆ ಆ ನಾಲ್ಕಕ್ಷರ ಇದ್ದಮಾತ್ರಕ್ಕೆ ದನಿ ಸಮತಟ್ಟಾಗಿರುತ್ತದೆ ಎಂಬ ಖಾತರಿಯಿಲ್ಲ. ಅನೇಕ ಬಾರಿ ಅದು ಸಾಮಾನ್ಯ ಸಭಾಂಗಣದ ಸ್ಪೀಕರೇ ಆಗಿರುತ್ತದೆ. ಅವುಗಳಲ್ಲಿ ಕೆಲವು ಸಮತಟ್ಟಾಗಿಯೂ ಇರುತ್ತವೆ, ಬೆಲೆಯೂ ಕಡಿಮೆ.

ವ್ಯಾಟ್ ಎಂಬ ಮಾಯೆ

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ವ್ಯಾಟ್‌ಗಳ ಸಂಖ್ಯೆ. ಅದು ಬಹುತೇಕ ಕ್ಷಣಿಕ ಗರಿಷ್ಠದ ಲೆಕ್ಕ; ನಿರಂತರವಾಗಿ ನೀಡಬಲ್ಲ ಶಕ್ತಿ ಅದರ ಅರ್ಧ, ಅಥವಾ ಇನ್ನೂ ಕಡಿಮೆ. ಕಿವಿಯ ಲೆಕ್ಕವಂತೂ ಬೇರೆಯೇ. ಶಕ್ತಿ ದ್ವಿಗುಣಗೊಂಡರೆ ಸದ್ದು 3 ಡೆಸಿಬೆಲ್ ಮಾತ್ರ ಏರುತ್ತದೆ. ಎರಡು ಪಟ್ಟು ಗಟ್ಟಿಯಾಗಿ ಕೇಳಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 1,000 ಮತ್ತು 2,000 ವ್ಯಾಟ್‌ಗಳ ನಡುವಿನ ಅಂತರ ಬೆಲೆಪಟ್ಟಿಯಲ್ಲಿ ಕಾಣುವಷ್ಟು ಕಿವಿಯಲ್ಲಿಲ್ಲ.

ವ್ಯಾಟ್‌ನ ಬದಲು ಒಂದು ಮೀಟರ್ ದೂರದಲ್ಲಿ ಹೊಮ್ಮುವ ಗರಿಷ್ಠ ಶಬ್ದಮಟ್ಟವನ್ನು ನೋಡಿ. ಬಯಲಿನಲ್ಲಿ ದೂರ ದ್ವಿಗುಣಗೊಂಡಂತೆಲ್ಲ 6 ಡೆಸಿಬೆಲ್ ಕಳೆಯಿರಿ. ನಾಲ್ಕು ಮೀಟರಿಗೆ 12 ಡೆಸಿಬೆಲ್ ಇಳಿಯುತ್ತದೆ. ಶಕ್ತಿಯ ಮೀಸಲು ವ್ಯರ್ಥವೇನಲ್ಲ. ತಂತಿಯನ್ನು ಮೀಟಿದ ಕ್ಷಣದ, ಡ್ರಮ್ಮಿನ ಪೆಟ್ಟಿನ ಶಿಖರಗಳು ಸರಾಸರಿ ಮಟ್ಟಕ್ಕಿಂತ 10 ಡೆಸಿಬೆಲ್‌ಗೂ ಹೆಚ್ಚು ಎತ್ತರಕ್ಕೆ ಚಿಮ್ಮುತ್ತವೆ. ಮೀಸಲು ಇರುವುದು ಆ ಶಿಖರಗಳು ಒಡೆಯದಿರಲೆಂದು, ಕಿವಿ ಒಡೆಯಲೆಂದಲ್ಲ.

ಗಾತ್ರ, ಹರಹು, ಭಾರ

ಕೇವಲ ಗಿಟಾರಿಗಾದರೆ 8 ಅಂಗುಲದ ಸ್ಪೀಕರ್ ಮನೆಗೂ ಸಣ್ಣ ಕೂಟಕ್ಕೂ ಸಾಕು. ಸಿಂಥಿನಲ್ಲಿ ಬೇಸ್ ನುಡಿಸುವವರಿಗೆ 41 ಹರ್ಟ್ಸ್‌ವರೆಗಿನ ಮಂದ್ರ ಬೇಕಾಗುತ್ತದೆ. ಅವರಿಗೆ 12 ಅಂಗುಲ, ಇಲ್ಲವೇ ಪ್ರತ್ಯೇಕ ಸಬ್‌ವೂಫರ್ ಲೇಸು. ಪತ್ರಿಕೆಯಲ್ಲಿ ನಮೂದಿಸಿದ ಆವೃತ್ತಿಯ ವ್ಯಾಪ್ತಿಯ ಪಕ್ಕದಲ್ಲಿ −3 ಡೆಸಿಬೆಲ್ ಎಂದಿದೆಯೋ −10 ಎಂದಿದೆಯೋ ಗಮನಿಸಿ. ಎರಡನೆಯದಾದರೆ ಆ ತುದಿಯಲ್ಲಿ ಸ್ವರ ಬಹುಮಟ್ಟಿಗೆ ಅಡಗಿರುತ್ತದೆ.

ದೊಡ್ಡ ಸ್ಪೀಕರಿನ ಬೆಲೆಯನ್ನು ಹರಹಿನಲ್ಲಿಯೂ ತೆರಬೇಕಾಗಬಹುದು. ಕ್ಯುಎಸ್‌ಸಿ ಸಂಸ್ಥೆಯ ಕೆ.2 ಸರಣಿ ಒಳ್ಳೆಯ ಉದಾಹರಣೆ: 8 ಅಂಗುಲದ ಪೆಟ್ಟಿಗೆಯ ದನಿ 105 ಡಿಗ್ರಿ ಹರಡಿದರೆ, 10 ಅಂಗುಲದ್ದು 90, 12 ಅಂಗುಲದ್ದು 75. ಪಕ್ಕದಲ್ಲಿ ನಿಂತ ಗಾಯಕರಿಗೆ ನಿಮ್ಮ ವಾದ್ಯ ಕೇಳಿಸಬೇಕಾದರೆ ಈ ಸಂಖ್ಯೆ ವ್ಯಾಟ್‌ಗಿಂತ ಮುಖ್ಯ. ಭಾರವೂ 12 ಕಿಲೋದಿಂದ ಸುಮಾರು 18 ಕಿಲೋಗೆ ಏರುತ್ತದೆ. ಹಿಮದ ದಿನ ಕಾರಿನ ಡಿಕ್ಕಿಯಿಂದ ಅದನ್ನು ಎತ್ತುವ ಐವತ್ತು ದಾಟಿದ ಬೆನ್ನಿಗೆ ಆ ಆರು ಕಿಲೋ ತಿಳಿಯುತ್ತದೆ.

ಕೊಂಡ ಮೇಲೆ ಎಲ್ಲಿಡುತ್ತೀರಿ ಎಂಬುದೂ ದನಿಯನ್ನು ನಿರ್ಧರಿಸುತ್ತದೆ. ನೆಲ ಮತ್ತು ಗೋಡೆ ಮಂದ್ರವನ್ನು ಹೆಚ್ಚಿಸುತ್ತವೆ, ಮೂಲೆಯಲ್ಲಿಟ್ಟರೆ ಗುಡುಗು. ತಾರದ ದನಿ ನೇರವಾಗಿ ಚಲಿಸುವುದರಿಂದ ಅದನ್ನು ಹೊಮ್ಮಿಸುವ ಹಾರ್ನ್ ಮೊಣಕಾಲಿಗಲ್ಲ, ಕಿವಿಗೆ ಮುಖಮಾಡಿರಬೇಕು. ಓರೆಯಾಗಿಸಿ, ಅಥವಾ ಕಂಬದ ಮೇಲೆ ಏರಿಸಿ.

ಕೇಳಿ ನೋಡುವ ಕ್ರಮ

ಅಂಗಡಿಗೆ ನಿಮ್ಮ ಮಾಡೆಲರನ್ನೂ ಸಿಂಥನ್ನೂ ಒಯ್ಯಿರಿ. ಅದಕ್ಕೂ ಮೊದಲು ಪರಿಚಿತರೊಬ್ಬರ ಕನ್ನಡ ಮಾತಿನ ಧ್ವನಿಮುದ್ರಣವನ್ನು ಹಾಕಿಸಿ. ಮನುಷ್ಯನ ದನಿ ಹೇಗಿರುತ್ತದೆಂದು ನಮ್ಮೆಲ್ಲರಿಗೂ ಗೊತ್ತು. ಮಾತು ಡಬ್ಬಿಯೊಳಗಿನಿಂದ ಬಂದಂತಿದ್ದರೆ, ‘ಸ’ಕಾರ ಸೀಟಿಯಾದರೆ, ಆ ಸ್ಪೀಕರ್ ನಿಮ್ಮ ವಾದ್ಯಕ್ಕೂ ಅದನ್ನೇ ಮಾಡುತ್ತದೆ. ಹೋಲಿಸುವಾಗ ಎರಡು ಸ್ಪೀಕರುಗಳ ಸದ್ದನ್ನು ಸಮಗೊಳಿಸಿ. ತುಸು ಗಟ್ಟಿಯಾದುದೇ ಉತ್ತಮವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಬಳಿಕ ಪಕ್ಕಕ್ಕೆ ನಡೆದು ಕೇಳಿ.

ಇನ್ನೊಂದು ಅಂಶ ಶರೀರಶಾಸ್ತ್ರಕ್ಕೆ ಸೇರಿದ್ದು. ಸದ್ದು ಕಡಿಮೆಯಿದ್ದಾಗ ಕಿವಿಗೆ ಮಂದ್ರ ದುರ್ಬಲವಾಗಿ ಕೇಳಿಸುತ್ತದೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ರಾತ್ರಿ ಮೆಲುದನಿಯಲ್ಲಿ ಸಜ್ಜುಗೊಳಿಸಿದ ಪ್ರೀಸೆಟ್ ವೇದಿಕೆಯಲ್ಲಿ ಗುಮ್ಮೆನ್ನುವುದಕ್ಕೆ ಇದೇ ಕಾರಣ. ಪ್ರೀಸೆಟ್‌ಗಳನ್ನು ವೇದಿಕೆಯ ಮಟ್ಟದಲ್ಲಿಯೇ ತಿದ್ದಬೇಕು. ಗಿಟಾರಿಗೆ 80–100 ಹರ್ಟ್ಸ್‌ಗಿಂತ ಕೆಳಗಿನದನ್ನೂ 6,000–8,000 ಹರ್ಟ್ಸ್‌ಗಿಂತ ಮೇಲಿನದನ್ನೂ ಮಾಡೆಲರಿನಲ್ಲೇ ಕತ್ತರಿಸಿದರೆ ಬಹುಪಾಲು ದೂರುಗಳು ತೀರುತ್ತವೆ. ಸಿಂಥಿಗೆ ಆ ಕತ್ತರಿ ಬೇಡ.

ಕೇಳುವ ಕಿವಿ ಯಾರದು?

ಆ ರಾಜ್ಯೋತ್ಸವದ ಬಳಿಕ ನಾನು ಶ್ರವಣ ಪರೀಕ್ಷೆ ಮಾಡಿಸಿಕೊಂಡೆ. ರೇಖೆ 4,000 ಹರ್ಟ್ಸ್‌ನ ಬಳಿ ಹಳ್ಳಕ್ಕಿಳಿದಿತ್ತು: ಗಟ್ಟಿ ಸದ್ದಿನಿಂದಾದ ಹಾನಿಯ ಪರಿಚಿತ ಗುರುತು. ಒಂದು ಸಂಜೆಯಿಂದ ಆದುದಲ್ಲ, ವರ್ಷಗಳ ಹವ್ಯಾಸದ ಫಲ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ.

ಅದೇ ವಾರ ಸ್ಪೀಕರ್ ಕೊಳ್ಳಲು ಹೋದಾಗ ಒಂದು ಪೆಟ್ಟಿಗೆಯ ದನಿ ನನಗೆ ಬಹಳ ಸ್ಪಷ್ಟವೆನಿಸಿತು. ಜೊತೆಗಿದ್ದ ಮಗಳು, “ಅಪ್ಪಾ, ಇದು ಕಿವಿಗೆ ಚುಚ್ಚುತ್ತೆ” ಎಂದಳು. ನನ್ನ ಕಿವಿ ಕಳೆದುಕೊಂಡದ್ದನ್ನು ಆ ಸ್ಪೀಕರ್ ತುಂಬಿಕೊಡುತ್ತಿತ್ತು. ಸಭಿಕರಿಗೆ ಅದು ಹಿಂಸೆಯಾಗುತ್ತಿತ್ತು. ಅವಳು ಒಪ್ಪಿದ 10 ಅಂಗುಲದ್ದನ್ನು ಕೊಂಡೆವು. ನಲವತ್ತು ದಾಟಿದವರು ಸ್ಪೀಕರ್ ಆರಿಸುವಾಗ ಎಳೆಯ ಕಿವಿಯೊಂದನ್ನು ಜೊತೆಗೊಯ್ಯಬೇಕೆಂಬುದು ನನ್ನ ದೃಢವಾದ ಸಲಹೆ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಷ್ ಶಿಫಾರಸು ಮಾಡುವ ಮಿತಿ ಹೀಗಿದೆ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ: 94ಕ್ಕೆ ಒಂದು ಗಂಟೆ, 100ಕ್ಕೆ ಕೇವಲ 15 ನಿಮಿಷ. ನಾವು ನುಡಿಸುವ ಕೋಣೆಗಳಲ್ಲಿ 100 ಡೆಸಿಬೆಲ್ ಅಪರೂಪವೇನಲ್ಲ. ಅದೇ ಸಂಸ್ಥೆ ಐಫೋನಿಗಾಗಿ ಶಬ್ದಮಾಪಕವೊಂದನ್ನು ಉಚಿತವಾಗಿ ಒದಗಿಸಿದೆ. ತಾಲೀಮಿನ ಮೊದಲು ಅಳೆಯಿರಿ. ಎಲ್ಲ ಆವೃತ್ತಿಗಳನ್ನೂ ಸಮನಾಗಿ ತಗ್ಗಿಸುವ, ಸಂಗೀತಗಾರರ ಇಯರ್‌ಪ್ಲಗ್‌ಗಳೂ ದೊರೆಯುತ್ತವೆ.

ಕೊಳ್ಳುವ ಮುನ್ನ

ಮುಂದೊಂದು ದಿನ ಸ್ಪೀಕರನ್ನು ಊರಿಗೆ ಒಯ್ಯುವ ಆಲೋಚನೆಯಿದ್ದರೆ ಹಿಂಬದಿಯ ಫಲಕವನ್ನು ಓದಿ. ಇಲ್ಲಿಯ ವಿದ್ಯುತ್ 120 ವೋಲ್ಟ್, ಅಲ್ಲಿಯದು 230. 100–240 ವೋಲ್ಟ್ ಎಂದು ಬರೆದಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಇಲ್ಲದಿದ್ದರೆ ಮೊದಲ ದಿನವೇ ಸುಟ್ಟುಹೋಗಬಹುದು. ಒಳಸೇರುವ ಕಿಂಡಿಗಳು ಎರಡಿದ್ದು, ಎರಡಕ್ಕೂ ಪ್ರತ್ಯೇಕ ವಾಲ್ಯೂಮ್ ಇದ್ದರೆ ಗಿಟಾರೂ ಸಿಂಥೂ ಮಿಕ್ಸರ್ ಇಲ್ಲದೆಯೇ ಜೊತೆಗೂಡುತ್ತವೆ. ಉದ್ದದ ತಂತಿಗೆ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಜೋಡಣೆಯನ್ನೇ ಬಳಸಿ, ಗುಂಯ್‌ಗುಡುವಿಕೆ ತಗ್ಗುತ್ತದೆ.

ಮೊದಲು ಕಿವಿಯ ಪರೀಕ್ಷೆ, ಆಮೇಲೆ ಸಮತಟ್ಟಾದ ದನಿ, ಆಮೇಲೆ ಹರಹು ಮತ್ತು ಭಾರ, ಕಡೆಯಲ್ಲಿ ವ್ಯಾಟ್: ಆಯ್ಕೆಯ ಕ್ರಮ ಇದು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತೇವೆ. ನಾನೂ ಮಾಡಿದ್ದೆ.