ಕಾರ್ಖಾನೆಯ ಕಟ್ಟಡವೂ ಕೆಲಸದ ಕ್ರಮವೂ: ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ನಿವೇಶನವನ್ನು ಕುರಿತು

ಶಾಸನ, ವೀರಗಲ್ಲು, ಕೋಟೆ, ದೇವಾಲಯ ಇವು ಗತಕಾಲದ ಸಾಕ್ಷಿಗಳೆಂಬುದನ್ನು ಇಂದು ಯಾರೂ ಅಲ್ಲಗಳೆಯರು. ಹೊಲ ಉಳುವಾಗ ಅಕ್ಷರವಿರುವ ಕಲ್ಲು ದೊರೆತರೆ ಅದನ್ನು ಒಡೆದು ಗೋಡೆಗೆ ಹಾಕಲು ನಮ್ಮ ರೈತನೂ ಒಮ್ಮೆ ಹಿಂಜರಿಯುತ್ತಾನೆ. ಮುಚ್ಚಿಹೋದ ಕಾರ್ಖಾನೆಯ ವಿಷಯದಲ್ಲಿ ಇಂತಹ ಹಿಂಜರಿಕೆ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ತುಕ್ಕು ಹಿಡಿದ ಛಾವಣಿಯನ್ನು ಕಂಡವರಿಗೆ ಅದರ ಕೆಳಗಿನ ನೆಲದ ಬೆಲೆಯೇ ಮೊದಲು ನೆನಪಾಗುತ್ತದೆ. ಬೆಂಗಳೂರಿನ ಪೂರ್ವಭಾಗದಲ್ಲಿ, ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಸಾಗುವ ಹಳೆಯ ಮದರಾಸು ರಸ್ತೆಯ ಬಳಿಯಿರುವ ಎನ್.ಜಿ.ಇ.ಎಫ್. ನಿವೇಶನವು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ. ಸುಮಾರು 105 ಎಕರೆಗಳ ಈ ನೆಲವನ್ನು ಹೊಸದಾಗಿ ರೂಪಿಸುವಾಗ ಅಲ್ಲಿ ಏನನ್ನು ಉಳಿಸಬೇಕು, ಏಕೆ ಉಳಿಸಬೇಕು ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ನೆಲೆಯ ಕಾರಣ

ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಯು ಬಹುಮಟ್ಟಿಗೆ ನೀರಿನ ದಡದಲ್ಲಿ ಹುಟ್ಟಿತು. ಕಲ್ಲಿದ್ದಲು, ಹತ್ತಿ, ಕಬ್ಬಿಣಗಳು ಹಡಗು ದೋಣಿಗಳಲ್ಲಿ ಬರುತ್ತಿದ್ದುದರಿಂದ ಕಾರ್ಖಾನೆಗಳು ನದಿ, ಕಾಲುವೆ, ಬಂದರುಗಳನ್ನು ಆಶ್ರಯಿಸಿದುವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವು ಮುಚ್ಚಿದಾಗ ಊರಿನ ಅತ್ಯುತ್ತಮವಾದ ದಡಗಳೇ ಪಾಳುಬಿದ್ದುವು. ನಮ್ಮ ನಾಡಿನಲ್ಲಿಯೂ ಇದಕ್ಕೆ ಉದಾಹರಣೆಯುಂಟು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ನೇತ್ರಾವತಿಯ ಸಮೀಪದಲ್ಲಿ ಸ್ಥಾಪಿಸಿದ್ದು ಆಕಸ್ಮಿಕವಲ್ಲ. ಜೇಡಿಮಣ್ಣು ಹೊಳೆಯ ಬಯಲಿನಲ್ಲಿತ್ತು, ದೋಣಿ ಹೊಳೆಯಲ್ಲಿತ್ತು, ಸುಟ್ಟ ಹೆಂಚನ್ನು ದೂರದೇಶಗಳಿಗೆ ಒಯ್ಯುವ ಬಂದರು ಹತ್ತಿರದಲ್ಲಿತ್ತು. ಆ ದಡದಿಂದ ಬೇರ್ಪಡಿಸಿ ನೋಡಿದರೆ ಹೆಂಚಿನ ಗೂಡು ಬರಿಯ ಇಟ್ಟಿಗೆಯ ರಾಶಿಯಾಗಿ ತೋರುತ್ತದೆ.

ಬೆಂಗಳೂರಿಗೆ ಹೊಳೆಯಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವ ಈ ಊರಿನಲ್ಲಿ ನೀರು ಕೆರೆಗಳಲ್ಲಿ ನಿಂತಿತೇ ಹೊರತು ಸರಕನ್ನು ಹೊರಲಿಲ್ಲ. ಇಲ್ಲಿ ಹೊಳೆಯ ಕೆಲಸವನ್ನು ಮಾಡಿದುದು ರೈಲುದಾರಿ. 1809ರಲ್ಲಿ ಆರಂಭವಾದ ದಂಡುಪ್ರದೇಶಕ್ಕೆ 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿತು. ಅಂದಿನಿಂದ ಮದರಾಸಿನ ಬಂದರಿಗೂ ಬೆಂಗಳೂರಿಗೂ ನಡುವೆ ಸರಕಿನ ಹಾದಿ ಪೂರ್ವದಿಕ್ಕಿನಲ್ಲಿಯೇ ತೆರೆದುಕೊಂಡಿತು. 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರಲ್ಲಿ ಈಗ ದೂರವಾಣಿನಗರವೆನಿಸಿರುವ ಎಡೆಯಲ್ಲಿ ದೂರವಾಣಿ ಕಾರ್ಖಾನೆ, 1956ರಲ್ಲಿ ಎನ್.ಜಿ.ಇ.ಎಫ್. ಸಂಸ್ಥೆ, ಹೀಗೆ ಪಟ್ಟಣದ ಪೂರ್ವಭಾಗವು ಕಾರ್ಖಾನೆಗಳ ಸಾಲಾಗಿ ಬೆಳೆದುದನ್ನು ಗಮನಿಸಿದರೆ, ಬೈಯಪ್ಪನಹಳ್ಳಿಯ ಸುತ್ತಿನ ಪ್ರದೇಶವನ್ನು ಬೆಂಗಳೂರಿನ ‘ದಡ’ವೆಂದು ಕರೆದರೆ ತಪ್ಪಾಗಲಾರದು.

ಏನು ತಯಾರಾಗುತ್ತಿತ್ತು

ಎನ್.ಜಿ.ಇ.ಎಫ್. ಎಂಬುದು ‘ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ’ ಎಂಬ ಹೆಸರಿನ ಸಂಕ್ಷೇಪ. ಹೆಸರಿನಲ್ಲಿರುವ ‘ಹೊಸ’ ಎಂಬ ವಿಶೇಷಣವೇ ಹಳೆಯದೊಂದು ಇದ್ದಿತೆಂಬುದನ್ನು ಸೂಚಿಸುತ್ತದೆ. ಮೈಸೂರು ಸಂಸ್ಥಾನದವರು 1930ರ ದಶಕದಲ್ಲಿ ಮೈಸೂರು ರಸ್ತೆಯಲ್ಲಿ ಸ್ಥಾಪಿಸಿದ ಸರ್ಕಾರಿ ವಿದ್ಯುತ್ ಕಾರ್ಖಾನೆಯೇ ಆ ಹಳೆಯದು. ಅದು ಮುಂದೆ ‘ಕವಿಕ’ ಎಂದು ಪ್ರಸಿದ್ಧವಾಯಿತು. ಹೊಸ ಕಾರ್ಖಾನೆಯು ಜರ್ಮನಿಯ ಎ.ಇ.ಜಿ. ಸಂಸ್ಥೆಯ ಸಹಯೋಗವನ್ನು ಪಡೆದು ಟ್ರಾನ್ಸ್‌ಫಾರ್ಮರುಗಳನ್ನೂ, ಮೋಟಾರುಗಳನ್ನೂ, ಸ್ವಿಚ್ಚು ಸಾಮಗ್ರಿಗಳನ್ನೂ ತಯಾರಿಸತೊಡಗಿತು.

ಇದರ ಮಹತ್ತ್ವವನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ವಿದ್ಯುತ್ತನ್ನು ಹೀಗೆ ದೂರಕ್ಕೆ ಸಾಗಿಸಬೇಕಾದರೆ ಅದರ ಒತ್ತಡವನ್ನು ಉತ್ಪಾದನೆಯ ಸ್ಥಳದಲ್ಲಿ ಬಹಳವಾಗಿ ಏರಿಸಬೇಕು. ಬಳಸುವ ಸ್ಥಳದಲ್ಲಿ ಮತ್ತೆ ಇಳಿಸಬೇಕು. ಒತ್ತಡ ಏರಿದಷ್ಟೂ ತಂತಿಯಲ್ಲಿ ಹರಿಯಬೇಕಾದ ಪ್ರವಾಹ ಕಡಿಮೆಯಾಗಿ, ಶಾಖರೂಪದ ನಷ್ಟವೂ ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಸಾಧಿಸುವ ಯಂತ್ರವೇ ಟ್ರಾನ್ಸ್‌ಫಾರ್ಮರು. ಶಿವನಸಮುದ್ರದ ಯಂತ್ರಗಳು ಅಮೆರಿಕ ಮತ್ತು ಸ್ವಿಟ್ಜರ್ಲೆಂಡುಗಳಿಂದ ಬಂದಿದ್ದುವು. ಅಲ್ಲಿಂದ ಐವತ್ತು ವರ್ಷಗಳ ತರುವಾಯ, ಜೋಗದ ವಿದ್ಯುದಾಗಾರವು ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಅಂತಹ ಯಂತ್ರಗಳನ್ನು ಇಲ್ಲಿಯೇ ಮಾಡಿಕೊಳ್ಳಬೇಕೆಂಬ ಸಂಕಲ್ಪದಿಂದ ಬೈಯಪ್ಪನಹಳ್ಳಿಯ ಕಾರ್ಖಾನೆ ಹುಟ್ಟಿತು. ಹಳ್ಳಿಯ ಪಂಪುಸೆಟ್ಟಿಗೂ, ಗಿರಣಿಗೂ, ಮನೆಯ ದೀಪಕ್ಕೂ ಈ ಕಾರ್ಖಾನೆಯ ಕೆಲಸಕ್ಕೂ ನೇರವಾದ ಸಂಬಂಧವಿದ್ದಿತು.

ಕಾಲಕ್ರಮದಲ್ಲಿ ಸಂಸ್ಥೆ ನಷ್ಟಕ್ಕೆ ಸಿಲುಕಿ 2002ರಲ್ಲಿ ಮುಚ್ಚಿತು. ಅದರ ನೆಲದ ಮಾರಾಟವನ್ನು ಕುರಿತ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2005ರಲ್ಲಿ ಅಲ್ಲಿ ತೀರ್ಪಾಯಿತು. ಸಹಯೋಗಿಯಾಗಿದ್ದ ಎ.ಇ.ಜಿ. ಸಂಸ್ಥೆಯೂ 1996ರಲ್ಲಿಯೇ ಅಸ್ತಂಗತವಾಗಿತ್ತು. ಈಚೆಗೆ ರಾಜ್ಯ ಸರ್ಕಾರದವರು ಈ ನಿವೇಶನದ ದೊಡ್ಡ ಭಾಗವನ್ನು ವೃಕ್ಷೋದ್ಯಾನವಾಗಿ ಮಾಡುವ ಯೋಜನೆಯನ್ನು ಪ್ರಕಟಿಸಿದ್ದಾರೆ. ಇದು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ ಮಳಿಗೆಗಳ ಮಹಲು ಎದ್ದಿತು. ಮಾಗಡಿ ರಸ್ತೆಯ ಬಿನ್ನಿ ಮಿಲ್ಲಿನ ನೆಲದಲ್ಲಿ ಬಹುಮಹಡಿಯ ವಸತಿಗಳು ಎದ್ದುವು. ಅಲ್ಲಿ ದುಡಿದವರ ಗುರುತಾಗಿ ಉಳಿದದ್ದು ಹೆಚ್ಚಾಗಿ ಹೆಸರು ಮಾತ್ರ. ಬೈಯಪ್ಪನಹಳ್ಳಿಯಲ್ಲಿ ನೆಲವು ಸಾರ್ವಜನಿಕರಿಗೇ ಉಳಿಯುವ ಅವಕಾಶವಿದೆ. ಆದರೆ ಮರಗಳ ನಡುವೆ ಒಂದೆರಡು ಶೆಡ್ಡುಗಳನ್ನು ಬಣ್ಣ ಬಳಿದು ನಿಲ್ಲಿಸಿದ ಮಾತ್ರಕ್ಕೆ ಕಾರ್ಖಾನೆಯ ಇತಿಹಾಸ ಉಳಿಯಿತೆಂದು ಹೇಳಬಹುದೆ?

ಕೆಲಸದ ಕ್ರಮ

ಈ ಪ್ರಶ್ನೆಗೆ ಉತ್ತರವಾಗಿ ನಾವು ಹೇಳಬಯಸುವುದು ಇಷ್ಟೆ: ಕಾರ್ಖಾನೆಯಲ್ಲಿ ಉಳಿಸಬೇಕಾದ ಮುಖ್ಯ ವಸ್ತು ಅದರ ಕೆಲಸದ ಕ್ರಮ. ದೇವಾಲಯದಲ್ಲಿ ಮುಖಮಂಟಪ, ನವರಂಗ, ಸುಕನಾಸಿ, ಗರ್ಭಗುಡಿಗಳು ಒಂದರ ಮುಂದೊಂದು ಏಕೆ ಬರುತ್ತವೆಂಬುದನ್ನು ಪೂಜೆಯ ಕ್ರಮವನ್ನು ಬಲ್ಲವನೇ ಬಲ್ಲ. ಕಾರ್ಖಾನೆಯ ಅಂಕಣಗಳೂ ಹಾಗೆಯೇ.

ಟ್ರಾನ್ಸ್‌ಫಾರ್ಮರನ್ನು ಮಾಡುವ ಬಗೆಯನ್ನು ನೋಡೋಣ. ಮೊದಲು ಸಿಲಿಕಾನ್ ಬೆರೆತ ಉಕ್ಕಿನ ತೆಳುವಾದ ತಗಡುಗಳನ್ನು ಕತ್ತರಿಸಿ ಒಂದರ ಮೇಲೊಂದು ಜೋಡಿಸಿ ತಿರುಳನ್ನು ಕಟ್ಟುತ್ತಾರೆ. ಇಡಿಯ ಉಕ್ಕನ್ನು ಬಳಸಿದರೆ ಅದರೊಳಗೆ ಸುಳಿಪ್ರವಾಹಗಳು ಹುಟ್ಟಿ ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ಬೇರೊಂದು ಅಂಕಣದಲ್ಲಿ, ಧೂಳು ಬೀಳದಂತೆ ಎಚ್ಚರವಹಿಸಿ, ಕಾಗದ ಸುತ್ತಿದ ತಾಮ್ರದ ತಂತಿಯಿಂದ ಸುರುಳಿಗಳನ್ನು ಸುತ್ತುತ್ತಾರೆ. ತಿರುಳಿಗೆ ಸುರುಳಿಯನ್ನು ತೊಡಿಸಿದ ಮೇಲೆ ಕಾಗದದಲ್ಲಿರುವ ತೇವವನ್ನು ನಿರ್ವಾತದ ಒಲೆಯಲ್ಲಿ ಹೀರಿ ತೆಗೆಯುತ್ತಾರೆ. ಅನಂತರ ಅದನ್ನು ಉಕ್ಕಿನ ತೊಟ್ಟಿಯಲ್ಲಿಳಿಸಿ ಎಣ್ಣೆ ತುಂಬುತ್ತಾರೆ. ಕೊನೆಗೆ ಪರೀಕ್ಷಾಶಾಲೆಯಲ್ಲಿ ನಿತ್ಯದ ಬಳಕೆಗಿಂತ ಹೆಚ್ಚಿನ ಒತ್ತಡವನ್ನು ಅದರ ಮೇಲೆ ಹಾಕಿ, ತಾಳಿದರೆ ಹೊರಕ್ಕೆ ಕಳುಹಿಸುತ್ತಾರೆ.

ಇಂತಹ ಕಾರ್ಖಾನೆಯ ಕಟ್ಟಡದ ಆಕಾರವನ್ನು ಈ ಕ್ರಮವೇ ನಿರ್ಣಯಿಸುತ್ತದೆ. ತೊಟ್ಟಿಯೊಳಗಿನಿಂದ ಭಾರವಾದ ತಿರುಳನ್ನು ಮೇಲೆತ್ತಬೇಕಾದ್ದರಿಂದ ಛಾವಣಿ ಎತ್ತರವಾಗಿರುತ್ತದೆ; ಮೇಲೆ ಓಡಾಡುವ ಕ್ರೇನನ್ನು ಹೊರಬೇಕಾದ್ದರಿಂದ ಕಂಬಗಳು ದಪ್ಪವಾಗಿರುತ್ತವೆ; ಸುರುಳಿ ಸುತ್ತುವ ಅಂಕಣವು ತಗಡು ಕತ್ತರಿಸುವ ಅಂಕಣದಿಂದ ದೂರವಿರುತ್ತದೆ. ಕ್ರೇನಿನ ತೊಲೆಯನ್ನು ಗುಜರಿಗೆ ಮಾರಿ ಎತ್ತರವಾದ ಗೋಡೆಯನ್ನು ಮಾತ್ರ ಉಳಿಸಿದರೆ, ಆ ಎತ್ತರವೇಕೆಂಬ ಪ್ರಶ್ನೆಗೆ ಮುಂದಿನವರಿಗೆ ಉತ್ತರ ಸಿಕ್ಕದು. ಚೆಲುವಾದ ನಾಲ್ಕು ಶೆಡ್ಡುಗಳನ್ನು ಅಲ್ಲೊಂದು ಇಲ್ಲೊಂದಾಗಿ ಉಳಿಸುವುದಕ್ಕಿಂತ, ತಗಡು ಒಳಗೆ ಬರುವ ಬಾಗಿಲಿನಿಂದ ಪರೀಕ್ಷೆ ಮುಗಿದು ಹೊರಹೋಗುವ ಬಾಗಿಲಿನವರೆಗೆ ಒಂದೇ ಒಂದು ಸಾಲನ್ನು ಅಖಂಡವಾಗಿ ಉಳಿಸುವುದು ಲೇಸು.

ಬೇರೆಡೆಯ ನಿದರ್ಶನಗಳು

ಎ.ಇ.ಜಿ. ಸಂಸ್ಥೆಯ ತವರೂರಾದ ಬರ್ಲಿನ್ನಿನಲ್ಲಿಯೇ ನಮಗೆ ಪಾಠಗಳುಂಟು. ಪೀಟರ್ ಬೆಹ್ರೆನ್ಸ್ ಎಂಬ ವಾಸ್ತುಶಿಲ್ಪಿ 1909ರಲ್ಲಿ ಈ ಸಂಸ್ಥೆಗಾಗಿ ಕಟ್ಟಿದ ಟರ್ಬೈನು ಶಾಲೆಯು ರಕ್ಷಿತ ಸ್ಮಾರಕವಾಗಿದೆ. ಅದೇ ನಗರದ ಪೂರ್ವಭಾಗದಲ್ಲಿ, ಸ್ಪ್ರೇ ನದಿಯ ದಡದ ಓಬರ್‌ಷೋನವೈಡೆ ಎಂಬಲ್ಲಿ, ಎ.ಇ.ಜಿ. 1897ರಲ್ಲಿ ಆರಂಭಿಸಿದ ತಂತಿ ಕೇಬಲ್ಲುಗಳ ಕಾರ್ಖಾನೆಯಿದ್ದಿತು. 1990ರ ಬಳಿಕ ಅಲ್ಲಿನ ಉದ್ಯಮ ಕುಸಿಯಿತು. ಆದರೆ 2006ರಿಂದ 2009ರ ವೇಳೆಗೆ ಆ ಕಟ್ಟಡಗಳಿಗೆ ಬರ್ಲಿನ್ನಿನ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯವೊಂದು ಬಂದು ನೆಲಸಿತು. ತಂತಿ ಎಳೆಯುತ್ತಿದ್ದ ಎಡೆಯಲ್ಲಿ ಈಗ ವಿದ್ಯಾರ್ಥಿಗಳು ಓದುತ್ತಿದ್ದಾರೆ.

ಮರ ಬೇಕೋ, ಹಳೆಯ ಕಟ್ಟಡ ಬೇಕೋ ಎಂಬ ವಾದ ನಮ್ಮಲ್ಲಿ ಏಳುವುದು ಸಹಜ. ಇವೆರಡಕ್ಕೂ ವಿರೋಧವಿಲ್ಲವೆಂಬುದನ್ನು ಜರ್ಮನಿಯ ಡೂಯಿಸ್‌ಬುರ್ಗ್ ನಗರವು ತೋರಿಸಿದೆ. 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯೊಂದನ್ನು ಪೀಟರ್ ಲಾಟ್ಸ್ ಅವರ ವಿನ್ಯಾಸದಂತೆ ಉದ್ಯಾನವಾಗಿ ಮಾಡಿ 1994ರಲ್ಲಿ ಜನರಿಗೆ ತೆರೆದರು. ಊದುಕುಲುಮೆಗಳು ನಿಂತಲ್ಲಿಯೇ ನಿಂತಿವೆ; ಗಿಡಮರಗಳು ಅವುಗಳ ಸುತ್ತ ಬೆಳೆದಿವೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಸರೋವರದ ದಡದ ಅನಿಲ ಕಾರ್ಖಾನೆಯೊಂದು 1975ರಲ್ಲಿ ಉದ್ಯಾನವಾಯಿತು. ಆದರೆ ಅಲ್ಲಿನ ಮಣ್ಣಿನಲ್ಲಿ ಸೇರಿದ್ದ ವಿಷಪದಾರ್ಥಗಳು ಬಹುಕಾಲ ತೊಂದರೆ ಕೊಟ್ಟುವು. ಈ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಪ್ರಪಂಚದ ಅನೇಕ ಕಡೆ ವಿದ್ಯುತ್ ಸಾಮಗ್ರಿಗಳಲ್ಲಿ ಪಿ.ಸಿ.ಬಿ. ಎಂಬ ರಾಸಾಯನಿಕಗಳು ಸೇರಿದ ದ್ರವಗಳನ್ನು ಬಳಸುತ್ತಿದ್ದರು. 2001ರ ಸ್ಟಾಕ್‌ಹೋಮ್ ಒಪ್ಪಂದವು ಇವನ್ನು ತೊಡೆದುಹಾಕಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆದಕಾರಣ ಟ್ರಾನ್ಸ್‌ಫಾರ್ಮರು ತಯಾರಾದ ಯಾವ ನೆಲವನ್ನೇ ಆಗಲಿ, ಮಕ್ಕಳು ಆಡುವ ಹುಲ್ಲುಹಾಸು ಮಾಡುವ ಮೊದಲು ಮಣ್ಣನ್ನೂ ನೀರನ್ನೂ ಪರೀಕ್ಷಿಸುವುದು ಅಗತ್ಯ.

ಮಾಡಬೇಕಾದ ಕೆಲಸ

ಕಾನೂನಿನ ರಕ್ಷಣೆ ಇಲ್ಲಿ ಸುಲಭವಾಗಿ ದೊರೆಯದು. ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮವು ಕಡಮೆಯೆಂದರೆ ನೂರು ವರ್ಷಗಳಾದ ಕಟ್ಟಡಗಳಿಗೆ ಅನ್ವಯಿಸತಕ್ಕದ್ದು. ಆ ಲೆಕ್ಕದಲ್ಲಿ 1956ರಲ್ಲಿ ಸ್ಥಾಪಿತವಾದ ಕಾರ್ಖಾನೆಯು 2056ರವರೆಗೆ ಕಾಯಬೇಕು. ಅಷ್ಟರಲ್ಲಿ ಕಾಪಾಡಲು ಏನೂ ಉಳಿದಿರಲಾರದು. ಆದರೆ ಇಲ್ಲಿ ಯೋಜನೆಯನ್ನು ಕೈಗೊಂಡವರು ಸರ್ಕಾರದವರೇ ಆದುದರಿಂದ, ಉಳಿಸಬೇಕಾದುದನ್ನು ಆ ಯೋಜನೆಯ ನಿಬಂಧನೆಗಳಲ್ಲಿಯೇ ಸ್ಪಷ್ಟವಾಗಿ ಬರೆಯಬಹುದು. 2003ರಲ್ಲಿ ರಷ್ಯದ ನಿಜ್ನಿ ತಗಿಲ್ ಎಂಬಲ್ಲಿ ಒಪ್ಪಿತವಾದ ಕೈಗಾರಿಕಾ ಪರಂಪರೆಯ ಸನ್ನದು, 2011ರ ಡಬ್ಲಿನ್ ತತ್ತ್ವಗಳು, ಇವು ಕಟ್ಟಡದೊಡನೆ ಯಂತ್ರ, ದಾಖಲೆ, ಕುಶಲತೆಗಳನ್ನೂ ಪರಂಪರೆಯೆಂದೇ ಎಣಿಸಿವೆ. ಈ ಕಾರ್ಯಕ್ಕೆ ಅವು ಮಾರ್ಗದರ್ಶಕವಾಗಬಲ್ಲುವು.

ಕೆಲಸದ ಅನುಕ್ರಮವೂ ಮುಖ್ಯ. ಯಾವುದನ್ನೂ ಕೆಡವುವ ಮೊದಲು ಪ್ರತಿಯೊಂದು ಕಟ್ಟಡವನ್ನೂ ಅಳೆದು ನಕ್ಷೆ ಬರೆಯಬೇಕು, ಛಾಯಾಚಿತ್ರ ತೆಗೆಯಬೇಕು. ಆ ನಕ್ಷೆಯ ಮೇಲೆ ಕೆಲಸದ ಹಾದಿಯನ್ನು ಗುರುತಿಸಿ, ಉಳಿಸಬೇಕಾದ ಸಾಲನ್ನು ಆಮೇಲೆ ನಿರ್ಣಯಿಸಬೇಕು. ಉಳಿದಿರುವ ನಕಾಸೆ, ಪರೀಕ್ಷಾ ಪುಸ್ತಕ, ಹಾಜರಿ ಪಟ್ಟಿಗಳನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬೇಕು. ಇವೆಲ್ಲಕ್ಕಿಂತಲೂ ತ್ವರೆಯಾಗಿ ಆಗಬೇಕಾದುದು ಕೆಲಸಗಾರರ ನೆನಪುಗಳ ಸಂಗ್ರಹ. 1965ರಲ್ಲಿ ಇಪ್ಪತ್ತು ವರ್ಷದವನಾಗಿ ಸೇರಿದವನಿಗೆ 2025ಕ್ಕೆ ಎಂಬತ್ತು ತುಂಬಿತು. ಸುರುಳಿಯ ಬಿಗಿಯನ್ನು ಬೆರಳಿನಿಂದಲೇ ಅರಿಯುತ್ತಿದ್ದ ಕೈಗಳ ಜ್ಞಾನವು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಗೋಡೆ ಇನ್ನು ಹತ್ತು ವರ್ಷ ನಿಂತೀತು. ಈ ನೆನಪು ಅಷ್ಟು ಕಾಲ ನಿಲ್ಲುವ ಭರವಸೆಯಿಲ್ಲ.

ಈ ಕೊನೆಯ ಕಾರ್ಯಕ್ಕೆ ಸರ್ಕಾರದ ಆಜ್ಞೆಯನ್ನಾಗಲಿ ದೊಡ್ಡ ಧನವನ್ನಾಗಲಿ ಕಾಯಬೇಕಾಗಿಲ್ಲ. ಹಲಸೂರು, ಶಿವಾಜಿನಗರ, ಇಂದಿರಾನಗರ, ಕೃಷ್ಣರಾಜಪುರಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಕಾರ್ಖಾನೆಯಲ್ಲಿ ದುಡಿದವರ ಮೊಮ್ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಎನ್.ಜಿ.ಇ.ಎಫ್. ಎಂದರೆ ಬಸ್ಸು ನಿಲ್ಲುವ ಒಂದು ಸ್ಥಳ ಮಾತ್ರವಾಗಿದೆ. ಇತಿಹಾಸದ ಅಧ್ಯಾಪಕರು ಪ್ರತಿ ವರ್ಷ ಹತ್ತು ಮಂದಿ ವಿದ್ಯಾರ್ಥಿಗಳನ್ನು ಹತ್ತು ಮನೆಗಳಿಗೆ ಕಳುಹಿಸಿ, “ತಾತ, ಬೆಳಗ್ಗೆ ಒಳಗೆ ಹೋದ ಮೇಲೆ ಮೊದಲು ಏನು ಮಾಡುತ್ತಿದ್ದಿರಿ?” ಎಂಬ ಒಂದೇ ಪ್ರಶ್ನೆಯಿಂದ ಆರಂಭಿಸುವಂತೆ ಹೇಳಿದರೂ ಸಾಕು. ಆ ಉತ್ತರಗಳನ್ನು ಕ್ರಮವಾಗಿ ಜೋಡಿಸಿದಾಗ ಕಾರ್ಖಾನೆಯ ಕೆಲಸದ ಹಾದಿ ತಾನಾಗಿಯೇ ಗೋಚರವಾಗುವುದು. ಉದ್ಯಾನವನ್ನು ರೂಪಿಸುವವರ ಕೈಗೆ ಅದನ್ನು ಸಕಾಲದಲ್ಲಿ ಒಪ್ಪಿಸುವುದು ನಮ್ಮ ಕರ್ತವ್ಯವೆಂದು ನಾವು ಭಾವಿಸುತ್ತೇವೆ.