ತೆಂಗಿಗೆ ಮಷೀನ್ ಬಂತು, ಹಲಸಿನ ಗೆಲ್ಲು ಕಡಿಯೋರಿಗೆ?

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರ ಹತ್ತುವ ತರಬೇತಿ ಶುರು ಮಾಡಿತು. ಕೈಗೆ ಮಷೀನು, ಜೊತೆಗೆ ವಿಮೆ. ಒಳ್ಳೇದೇ. ಆದ್ರೆ ಆ ಮಷೀನಿನ ತಂತಿ ಕುಣಿಕೆ ನಡೆಯೋದು ಗೆಲ್ಲಿಲ್ಲದ ನೇರ ಕಾಂಡದಲ್ಲಿ ಮಾತ್ರ. ಮಳೆಗಾಲಕ್ಕೆ ಮೊದಲು ಕಾಪು, ಕಾರ್ಕಳದಲ್ಲಿ ಮಾಡಿನ ಮೇಲೆ ಬಾಗಿದ ಹಲಸು, ಮಾವಿನ ಗೆಲ್ಲು ಕಡಿಯೋರಿಗೆ ಬೇಕಿರೋದು ಹಗ್ಗ, ಸೊಂಟ ಮತ್ತು ತೊಡೆ ಎರಡನ್ನೂ ಹಿಡಿಯುವ ಹಾರ್ನೆಸ್.

ಹಗ್ಗ 11ರಿಂದ 13 ಮಿ.ಮೀ. ದಪ್ಪ, ಹೆಚ್ಚು ಹಿಗ್ಗದ್ದು. ಬಾವಿಯ ಹಗ್ಗ ಖಂಡಿತ ಅಲ್ಲ. ಅದಕ್ಕೆ ಸುತ್ತುವ ಪ್ರೂಸಿಕ್ ಗಂಟಿನ ಹಗ್ಗ ಇನ್ನೂ ಸಪೂರ. ತೀರಾ ಸಪೂರವಾದ್ರೆ ಭಾರ ಬಿದ್ದಾಗ ಕಚ್ಚಿಕೊಂಡು ಜರುಗಲ್ಲ, ದಪ್ಪವಾದ್ರೆ ಹಿಡಿಯದೆ ಜಾರುತ್ತೆ. ಎಷ್ಟು ಸುತ್ತು ಅನ್ನೋದನ್ನ ನೆಲದಿಂದ ಒಂದಡಿ ಮೇಲೆ ನೇತಾಡಿಯೇ ನೋಡಬೇಕು. ಹಗ್ಗ ಒದ್ದೆಯಾದ್ರೆ ಇನ್ನೊಮ್ಮೆ. ಕತ್ತಿ, ಗರಗಸ ಎತ್ತುವ ಮೊದಲು ಎರಡನೇ ಹಗ್ಗವೂ ಮರಕ್ಕೆ ಬಿದ್ದಿರಬೇಕು.

ಈ ಸಾಮಾನಿಗೆ ದುಡ್ಡು ದಿನಗೂಲಿಯವರ ಕೈಯಿಂದ ಹೊರಡೋದು ಕಷ್ಟ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ.