ಆಕಾಶದ ಹಡಗೂ ಪಾತಾಳದ ಅನಿಲವೂ

1868ನೆಯ ಇಸವಿ ಆಗಸ್ಟ್ 18ರಂದು ನಮ್ಮ ಜಮಖಂಡಿಯಲ್ಲಿ ಒಬ್ಬ ಆಂಗ್ಲ ಸೈನ್ಯಾಧಿಕಾರಿಗಳು ವರ್ಣಪಟಲದರ್ಶಕವೆಂಬ ಯಂತ್ರವನ್ನು ಹೂಡಿಕೊಂಡು ಖಗ್ರಾಸ ಸೂರ್ಯಗ್ರಹಣವನ್ನು ಎದುರು ನೋಡುತ್ತಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗನಾದ ಲೆಫ್ಟಿನೆಂಟ್ ಜಾನ್ ಹರ್ಷೆಲರೇ ಇವರು. ಮೋಡಗಳ ಕಾಟದ ನಡುವೆಯೂ ಸೂರ್ಯಬಿಂಬದ ಅಂಚಿನಿಂದ ಹೊರಚಾಚಿದ ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಉಜ್ವಲವಾದ ಗೆರೆಗಳು ಅವರಿಗೆ ಗೋಚರಿಸಿದವು. ಕಿತ್ತಳೆಯ ಗೆರೆಯು ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ಧಾತುವಿನದೇ ಇರಬೇಕೆಂದು ಅವರು ಎಣಿಸಿದರು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ಫ್ರೆಂಚ್ ವಿದ್ವಾಂಸರಾದ ಜಾನ್ಸೆನ್ ಅವರೂ ಮಚಲೀಪಟ್ಟಣದಲ್ಲಿ ಮದ್ರಾಸು ವೇಧಶಾಲೆಯ ಪಾಗ್ಸನ್ ಅವರೂ ಪರೀಕ್ಷಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕ್ಯರ್ ಅವರು ಆ ಗೆರೆಯ ಸ್ಥಾನವನ್ನು ಸೂಕ್ಷ್ಮವಾಗಿ ಅಳೆದು, ಅದು ಸೋಡಿಯಂನದಲ್ಲವೆಂದು ಕಂಡರು. ಭೂಮಿಯ ಮೇಲೆ ಅದುವರೆಗೆ ಯಾರೂ ಕಂಡರಿಯದ ಆ ಧಾತುವಿಗೆ, ಸೂರ್ಯನನ್ನು ಹೇಳುವ ಗ್ರೀಕ್ ಶಬ್ದದಿಂದ ಹೀಲಿಯಂ ಎಂಬ ಹೆಸರಾಯಿತು. ಅದನ್ನು ಭೂಮಿಯ ಮೇಲಿನ ಒಂದು ಖನಿಜದಿಂದ ರಾಮ್ಸೇ ಅವರು ಹೊರತೆಗೆದದ್ದು 1895ರಲ್ಲಿ. ಜಮಖಂಡಿಯಿಂದ ಕಂಡ ಆ ಗೆರೆಯ ಧಾತುವಿಗೆ ಇಂದು ರಾಷ್ಟ್ರಗಳು ಪೈಪೋಟಿ ನಡೆಸುತ್ತಿವೆ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಸತ್ತುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ವಾಯುನೌಕೆಯು ಮತ್ತೆ ಆಕಾಶದಲ್ಲಿ ಕಾಣಿಸಿಕೊಂಡಿದೆ. 2024ರ ಅಕ್ಟೋಬರಿನಲ್ಲಿ ಅಮೇರಿಕಾದ ಕ್ಯಾಲಿಫೋರ್ನಿಯಾದ ಮಾಫೆಟ್ ಮೈದಾನದಿಂದ ‘ಪಾತ್‌ಫೈಂಡರ್ 1’ ಎಂಬ, 124 ಮೀಟರು ಉದ್ದದ ನೌಕೆಯು ಕಟ್ಟು ಕಳಚಿಕೊಂಡು ಮೇಲೇರಿತು. ನಮ್ಮ ದೇಶದಲ್ಲಿಯೂ 2025ರ ಮೇ 3ರಂದು ರಕ್ಷಣಾ ಸಂಶೋಧನಾ ಸಂಸ್ಥೆಯ ಆಗ್ರಾ ಶಾಖೆಯವರು ನಿರ್ಮಿಸಿದ ನೌಕೆಯೊಂದು ಮಧ್ಯಪ್ರದೇಶದ ಶ್ಯೋಪುರದಿಂದ ಹೊರಟು, ಉಪಕರಣಗಳನ್ನು ಹೊತ್ತು, ಸುಮಾರು 17 ಕಿಲೋಮೀಟರು ಎತ್ತರಕ್ಕೆ ಏರಿ, ಸುಮಾರು 62 ನಿಮಿಷಗಳ ಹಾರಾಟವನ್ನು ಮುಗಿಸಿತು. ಪತ್ರಿಕೆಗಳಲ್ಲಿ ಇವುಗಳ ಉದ್ದಗಲಗಳ ವರ್ಣನೆ ಬೇಕಾದಷ್ಟು ಬಂದಿದೆ. ಹೊಟ್ಟೆಯೊಳಗಿನ ಅನಿಲವು ಎಲ್ಲಿಂದ ಬರುತ್ತದೆಂಬುದನ್ನು ಮಾತ್ರ ಕೇಳಿದವರು ವಿರಳ. ನಮ್ಮ ಅಭಿಪ್ರಾಯದಲ್ಲಿ ವಾಯುನೌಕೆಯ ಹಣೆಬರಹವನ್ನು ಹಿಂದೆಯೂ ಬರೆದದ್ದು ಆ ಅನಿಲವೇ. ಮುಂದೆಯೂ ಬರೆಯತಕ್ಕದ್ದು ಅದೇ.

ವಿಮಾನವು ಓಟದ ರಭಸದಿಂದ ಹಾರುತ್ತದೆ. ವಾಯುನೌಕೆಯಾದರೋ ನೀರಿನಲ್ಲಿ ಹಡಗು ತೇಲುವಂತೆ ಗಾಳಿಯಲ್ಲಿ ತೇಲುತ್ತದೆ. ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1.29 ಕಿಲೋಗ್ರಾಂ, ಅಷ್ಟೇ ಜಲಜನಕದ ತೂಕ 0.09, ಅಷ್ಟೇ ಹೀಲಿಯಂನದು 0.18. ಹೀಲಿಯಂ ಜಲಜನಕದ ಎರಡರಷ್ಟು ಭಾರವಾದುದರಿಂದ ಅದರ ಎತ್ತುವ ಶಕ್ತಿಯು ಅರ್ಧವೇ ಇರಬೇಕೆಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಎತ್ತುವ ಶಕ್ತಿಯೆಂದರೆ ಗಾಳಿಯ ತೂಕದಲ್ಲಿ ಅನಿಲದ ತೂಕವನ್ನು ಕಳೆದು ಉಳಿದದ್ದು. ಜಲಜನಕಕ್ಕೆ ಅದು 1.20, ಹೀಲಿಯಂಗೆ 1.11. ನೂರರಲ್ಲಿ ಏಳೆಂಟರಷ್ಟು ಮಾತ್ರ ಕೊರತೆ. ಅಷ್ಟನ್ನು ಬಿಟ್ಟುಕೊಟ್ಟರೆ ಬೆಂಕಿಯ ಭಯವೇ ಇಲ್ಲ. ಏಕೆಂದರೆ ಹೀಲಿಯಂ ಯಾವುದರೊಡನೆಯೂ ಕೂಡದ, ಉರಿಯದ, ವಿರಕ್ತ ಸ್ವಭಾವದ ಧಾತು.

ಹೀಗಿರಲಾಗಿ ಹಿಂದಿನವರು ಜಲಜನಕವನ್ನೇಕೆ ತುಂಬಿದರು? ಅನ್ಯಗತಿಯಿಲ್ಲದೆ. ಜಲಜನಕವನ್ನು ಯಾವ ಊರಿನಲ್ಲಾದರೂ ತಯಾರಿಸಬಹುದು. ಹೀಲಿಯಂ ಅಮೇರಿಕಾದ ಅನಿಲಬಾವಿಗಳಲ್ಲಿ ಮಾತ್ರವೇ ಹೇರಳವಾಗಿ ದೊರೆಯುತ್ತಿತ್ತು. 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನಿಂದ ನಮ್ಮ ಕಡೆಗೇ ಹೊರಟಿದ್ದ ಆರ್ 101 ಎಂಬ ನೌಕೆಯ ಗತಿಯನ್ನು ವಾಚಕರು ಬಲ್ಲರು. ಅದನ್ನು ನಿಲ್ಲಿಸಲೆಂದು ಅವಿಭಜಿತ ಭಾರತದ ಕರಾಚಿಯಲ್ಲಿ ಬೃಹತ್ತಾದ ಕೊಟ್ಟಿಗೆಯನ್ನೂ ಕಟ್ಟಿಸಿದ್ದರು. ನೌಕೆಯು ಫ್ರಾನ್ಸಿನ ಬೋವೆ ಪಟ್ಟಣದ ಬಳಿಯ ನೆಲಕ್ಕೆ ತಾಗಿ ಉರಿದು, 54 ಜನರಲ್ಲಿ 48 ಮಂದಿ ಅಸುನೀಗಿದರು. ಸತ್ತವರಲ್ಲಿ ಬ್ರಿಟನ್ನಿನ ವಾಯುಯಾನ ಮಂತ್ರಿಗಳೇ ಒಬ್ಬರು. ಕರಾಚಿಯ ಕೊಟ್ಟಿಗೆಯು ಅತಿಥಿಯನ್ನು ಕಾಣದೆ ಬರಿದಾಗಿಯೇ ಉಳಿಯಿತು.

ಜರ್ಮನಿಯ ಹಿಂಡೆನ್‌ಬರ್ಗ್ ನೌಕೆಯ ಕಥೆಯು ಇದಕ್ಕಿಂತಲೂ ಬೋಧಪ್ರದವಾಗಿದೆ. 245 ಮೀಟರು ಉದ್ದದ ಆ ನೌಕೆಯನ್ನು ಹೀಲಿಯಂಗೆಂದೇ ಯೋಜಿಸಿದ್ದರು. ಅಮೇರಿಕಾದ ಶಾಸನವು ಆ ಅನಿಲದ ರಫ್ತನ್ನು ತಡೆದಿದ್ದುದರಿಂದ ಸುಮಾರು 2 ಲಕ್ಷ ಘನ ಮೀಟರು ಜಲಜನಕವನ್ನು ತುಂಬಿಕೊಂಡು ಹಾರಿತು. 1937ರ ಮೇ 6ರಂದು ನ್ಯೂ ಜೆರ್ಸಿಯ ಲೇಕ್‌ಹರ್ಸ್ಟಿನಲ್ಲಿ ಇಳಿಯುವಾಗ ಹೊತ್ತಿಕೊಂಡು, ನೌಕೆಯಲ್ಲಿದ್ದ 97 ಜನರಲ್ಲಿ 35 ಮಂದಿಯೂ ನೆಲದ ಮೇಲಿದ್ದ ಒಬ್ಬನೂ ಮಡಿದರು. ಆ ದುರಂತದ ತರುವಾಯ ಅಮೇರಿಕಾ ಶಾಸನವನ್ನು ಸಡಿಲಿಸಿದ್ದೇನೋ ನಿಜ. ಆದರೆ 1938ರಲ್ಲಿ ಹಿಟ್ಲರನು ಆಸ್ಟ್ರಿಯಾವನ್ನು ನುಂಗಿದ ಮೇಲೆ ಮಂತ್ರಿಗಳಾದ ಹೆರಾಲ್ಡ್ ಇಕಿಸ್ ಅವರು ಅಪ್ಪಣೆ ಕೊಡಲು ಖಂಡಿತವಾಗಿ ನಿರಾಕರಿಸಿದರು. ಹಿಟ್ಲರನ ಕೈಗೆ ಅನಿಲ ಸೇರದಂತೆ ತಡೆದದ್ದನ್ನು ನಾವು ತಪ್ಪೆನ್ನಲಾರೆವು. ಒಡೆತನವುಳ್ಳವನ ಒಂದು ‘ಇಲ್ಲ’ ಎಂಬ ಮಾತಿಗೆ ಒಂದು ಇಡೀ ವಿದ್ಯೆಯು ನೆಲಕಚ್ಚಿತೆಂಬುದನ್ನು ಮಾತ್ರ ಮರೆಯಲಾಗದು. ಜರ್ಮನಿಯ ಕೊನೆಯ ಬೃಹನ್ನೌಕೆಯನ್ನು 1940ರಲ್ಲಿ ಬಿಚ್ಚಿ ಲೋಹಕ್ಕೆ ಬಳಸಿಕೊಂಡರು.

ಅನಿಲವು ತಮ್ಮ ಮನೆಯದೇ ಆಗಿದ್ದ ಅಮೇರಿಕನ್ನರಾದರೂ ಸುಖಿಗಳಾಗಿದ್ದರೇ? ಅವರ ಶೆನೆಂಡೋವಾ ನೌಕೆಯು ಹೀಲಿಯಂ ತುಂಬಿದ ಮೊದಲನೆಯ ದೊಡ್ಡ ನೌಕೆ. ಆ ಕಾಲದಲ್ಲಿ ಅನಿಲದ ಬೆಲೆ ಎಷ್ಟಿತ್ತೆಂದರೆ, ಇದ್ದ ಎರಡು ನೌಕೆಗಳನ್ನು ಏಕಕಾಲದಲ್ಲಿ ತುಂಬಲು ಸಾಲದೆ ಒಂದರಿಂದ ತೆಗೆದು ಇನ್ನೊಂದಕ್ಕೆ ತುಂಬುತ್ತಿದ್ದರು. ಎಣ್ಣೆ ಉರಿದಂತೆಲ್ಲ ನೌಕೆಯು ಹಗುರಾಗಿ ಮೇಲೇಳುತ್ತದೆ. ಜಲಜನಕದ ನೌಕೆಯವರು ಆಗ ಒಂದಿಷ್ಟು ಅನಿಲವನ್ನು ಹೊರಕ್ಕೆ ಬಿಟ್ಟು ನಿಶ್ಚಿಂತರಾಗಿರುತ್ತಿದ್ದರು. ಹೀಲಿಯಂ ನೌಕೆಯವರಿಗೆ ಆ ಧಾರಾಳ ಎಲ್ಲಿಯದು! ಯಂತ್ರದ ಹೊಗೆಯನ್ನು ತಣಿಸಿ, ಅದರಲ್ಲಿನ ನೀರನ್ನು ಹಿಡಿದು, ಕಳೆದ ತೂಕವನ್ನು ಆ ನೀರಿನಿಂದ ತುಂಬಿಕೊಳ್ಳುತ್ತಿದ್ದರು. ಜಿಪುಣತನವು ಮನುಷ್ಯನಿಗೆ ಎಂತೆಂತಹ ಉಪಾಯಗಳನ್ನು ಕಲಿಸುತ್ತದೆ! ಇಷ್ಟಾಗಿಯೂ 1925ರಲ್ಲಿ ಶೆನೆಂಡೋವಾ ಬಿರುಗಾಳಿಗೆ ಸಿಕ್ಕಿ ತುಂಡಾಗಿ 14 ಜನ ಸತ್ತರು. 1933ರಲ್ಲಿ ಅಕ್ರಾನ್ ಸಮುದ್ರಕ್ಕೆ ಬಿದ್ದು 73 ಜನ ಸತ್ತರು. 1935ರಲ್ಲಿ ಮೇಕನ್ ಮುಳುಗಿತು. ಹೀಲಿಯಂ ಬೆಂಕಿಯಿಂದ ಕಾಪಾಡಿತೇ ಹೊರತು ಗಾಳಿಯಿಂದಲ್ಲ. ಅಕ್ರಾನಿನೊಡನೆ ಮುಳುಗಿದ ಅಡ್ಮಿರಲ್ ಮಾಫೆಟ್ ಅವರ ಹೆಸರಿನ ಮೈದಾನದಿಂದಲೇ ಪಾತ್‌ಫೈಂಡರ್ ಮೇಲೇರಿದ್ದು.

ಈಗಿನ ನೌಕೆಗಳು ಆ ಹಳೆಯವುಗಳ ಮೊಮ್ಮಕ್ಕಳೇ ಆದರೂ ಜಾಣ ಮೊಮ್ಮಕ್ಕಳು. ಪಾತ್‌ಫೈಂಡರಿನ ಪಂಜರವು ಕಾರ್ಬನ್ ನಾರಿನ ಕೊಳವೆಗಳಿಂದಲೂ ಟೈಟಾನಿಯಂ ಕೀಲುಗಳಿಂದಲೂ ಆದುದು. ಅದರಲ್ಲಿ 13 ಅನಿಲಚೀಲಗಳೂ 12 ವಿದ್ಯುತ್ ಮೋಟಾರುಗಳೂ ಇವೆ. ಜರ್ಮನಿಯಲ್ಲಿ 1997ರಲ್ಲಿ ಮೊದಲು ಹಾರಿದ ಝೆಪ್ಪೆಲಿನ್ ಎನ್‌ಟಿಯು ಗಾಳಿಗಿಂತ ತುಸು ಭಾರವಾಗಿಯೇ ಇದ್ದುಕೊಂಡು, ತಿರುಗಿಸಬಲ್ಲ ರೆಕ್ಕೆಗಾಲಿಗಳ ಬಲದಿಂದ ಏರಿ ಇಳಿಯುತ್ತದೆ. ಆದುದರಿಂದ ಅನಿಲವನ್ನು ಹೊರಬಿಡುವ ಪ್ರಸಂಗವೇ ಬರುವುದಿಲ್ಲ. ಇಂಗ್ಲೆಂಡಿನ ಏರ್‌ಲ್ಯಾಂಡರ್ 2016ರಲ್ಲಿ ಹಾರಿ, ಮುಂದಿನ ವರ್ಷ ಕಂಬದಿಂದ ಕಿತ್ತುಕೊಂಡು ಹಾಳಾಯಿತು. ಬರ್ಲಿನ್ನಿನ ಸಮೀಪದಲ್ಲಿ ಭಾರವಾಹಕ ನೌಕೆಯನ್ನು ಕಟ್ಟಲೆಂದು ಹುಟ್ಟಿಕೊಂಡ ಕಂಪೆನಿಯು 2002ರಲ್ಲಿ ದಿವಾಳಿಯೆದ್ದಿತು. ಅದರ ಮಹಾಕೊಟ್ಟಿಗೆಯಲ್ಲಿ ಈಗ ಕೃತಕ ಕಡಲತೀರವನ್ನು ಮಾಡಿ ಜನರು ಈಜಾಡುತ್ತಾರೆ. ಕರಾಚಿಯ ಕೊಟ್ಟಿಗೆಗೆ ಆ ಭಾಗ್ಯವೂ ಇರಲಿಲ್ಲ!

ಇಲ್ಲಿ ಒಂದು ಆಕ್ಷೇಪಣೆಯನ್ನು ವಿಚಾರಿಸಬೇಕು. ಹೀಲಿಯಂ ಅಳಿದುಹೋಗುವ ಪದಾರ್ಥ. ಆಸ್ಪತ್ರೆಗಳಿಗೆ ಬೇಕಾದುದನ್ನು ಆಕಾಶದ ವಿಹಾರಕ್ಕೆ ಸುರಿಯುವುದು ಪಾಪ ಎಂದು ಹಲವರು ಹೇಳುತ್ತಾರೆ. ಮಾತಿನ ಪೂರ್ವಾರ್ಧವು ಸತ್ಯ. ಭೂಗರ್ಭದಲ್ಲಿನ ಯುರೇನಿಯಂ, ಥೋರಿಯಂ ಧಾತುಗಳು ಕೋಟ್ಯಂತರ ವರ್ಷಗಳ ಕಾಲ ಕ್ಷಯಿಸುತ್ತಾ ಹುಟ್ಟಿಸಿದ ಅನಿಲವಿದು. ಒಮ್ಮೆ ಗಾಳಿಗೆ ಸೇರಿದರೆ ಹತ್ತು ಲಕ್ಷದಲ್ಲಿ ಐದು ಭಾಗದಷ್ಟಾಗಿ ಕಲೆತು, ಕ್ರಮೇಣ ಭೂಮಿಯನ್ನೇ ಬಿಟ್ಟು ಅಂತರಿಕ್ಷಕ್ಕೆ ಹೊರಟುಹೋಗುತ್ತದೆ. ದೇಹದ ಒಳಭಾಗವನ್ನು ಚಿತ್ರಿಸುವ ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ಶೂನ್ಯಕ್ಕಿಂತ 269 ಡಿಗ್ರಿ ಕೆಳಗೆ ತಣ್ಣಗಿಡುವುದು ದ್ರವ ಹೀಲಿಯಂ. ಸಾಮಾನ್ಯ ಯಂತ್ರವೊಂದಕ್ಕೆ 1,500ರಿಂದ 2,000 ಲೀಟರು ಬೇಕು.

ಲೆಕ್ಕ ಹಾಕೋಣ. ಒಂದು ಲೀಟರು ದ್ರವವು ಮುಕ್ಕಾಲು ಘನ ಮೀಟರು ಅನಿಲವಾಗುತ್ತದೆ. ಝೆಪ್ಪೆಲಿನ್ ಎನ್‌ಟಿಯ ಹೊಟ್ಟೆಯಲ್ಲಿರುವ 8,225 ಘನ ಮೀಟರು ಅನಿಲವು ಆರೇಳು ಯಂತ್ರಗಳಿಗೆ ಸಮ. ಜಗತ್ತಿನ ವಾರ್ಷಿಕ ಉತ್ಪನ್ನವು ಇತ್ತೀಚಿನ ವರ್ಷಗಳಲ್ಲಿ 16ರಿಂದ 18 ಕೋಟಿ ಘನ ಮೀಟರುಗಳೆಂದು ಅಮೇರಿಕಾದ ಭೂಗರ್ಭ ಸಮೀಕ್ಷಾ ಇಲಾಖೆಯ ಅಂದಾಜು. ಅದರಲ್ಲಿ ಈ ನೌಕೆಯ ಪಾಲು ಇಪ್ಪತ್ತು ಸಾವಿರದಲ್ಲಿ ಒಂದು. ಅದಾದರೂ ಉರಿದುಹೋಗದೆ ಚೀಲದಲ್ಲಿಯೇ ಇರುತ್ತದೆ. ಸೋರಿದಷ್ಟನ್ನು ಮಾತ್ರ ತುಂಬಿದರಾಯಿತು. ಇದಕ್ಕೆ ಹೋಲಿಸಿದರೆ ಕಲ್ಯಾಣಮಂಟಪಗಳ ಬಾಗಿಲಲ್ಲಿ ಕಟ್ಟುವ ಬಣ್ಣದ ಬುಗ್ಗೆಗಳಲ್ಲಿರುವ ಹೀಲಿಯಂ ಆರತಿ ಮುಗಿಯುವುದರೊಳಗೆ ಶಾಶ್ವತವಾಗಿ ಹೋಯಿತು. (ಜಾತ್ರೆಯ ಬುಗ್ಗೆಯವನು ಜಲಜನಕವನ್ನು ತುಂಬಿ ಮಕ್ಕಳ ಕೈಗೆ ಕೊಡುವುದು ಇನ್ನೊಂದು ಅನರ್ಥ, ಅದನ್ನು ಬೇರೆಯಾಗಿ ಬರೆಯುವೆವು.) ದೊಡ್ಡ ನಷ್ಟವು ಇನ್ನೂ ಕೆಳಗಿದೆ. ನೈಸರ್ಗಿಕ ಅನಿಲದೊಡನೆ ಬೆರೆತು ಬರುವ ಹೀಲಿಯಂ, ಅದನ್ನು ಬೇರ್ಪಡಿಸದೆ ಒಲೆಗೂ ಕಾರ್ಖಾನೆಗೂ ಕಳುಹಿಸಿದಲ್ಲೆಲ್ಲ, ಜ್ವಾಲೆಯ ನಡುವೆ ಸುಮ್ಮನೆ ಹಾದು ಆಕಾಶವನ್ನು ಸೇರುತ್ತಿದೆ. ವಾಯುನೌಕೆಯ ಮೇಲೆ ಹೊರಿಸಿದ ದೋಷವು ಬಾವಿಯ ಬಾಯಿಗೆ ಸಲ್ಲತಕ್ಕದ್ದು.

ಆದರೆ ನೂರಾರು ನೌಕೆಗಳ ಕನಸನ್ನು ಕಾಣುವವರು ಮಾರುಕಟ್ಟೆಯ ಸ್ಥಿತಿಯನ್ನು ನೋಡಬೇಕು. ಅಮೇರಿಕಾದ ಸರಕಾರವು 1925ರಿಂದ ಟೆಕ್ಸಾಸಿನ ಅಮರಿಲ್ಲೋ ಬಳಿ ಕೂಡಿಟ್ಟುಕೊಂಡು ಬಂದ ಹೀಲಿಯಂ ಭಂಡಾರವನ್ನು ಮಾರಿಬಿಡಲು 1996ರಲ್ಲಿ ಶಾಸನ ಮಾಡಿತು. 2024ರಲ್ಲಿ ಅದು ಖಾಸಗಿ ಕಂಪೆನಿಯ ಕೈ ಸೇರಿತು. ಕೊಲ್ಲಿಯ ಸಣ್ಣ ದೇಶವಾದ ಕತಾರ್ 2017ರಲ್ಲಿ ನೆರೆಯವರ ಬಹಿಷ್ಕಾರಕ್ಕೆ ಗುರಿಯಾದಾಗ ಅದರ ಹೀಲಿಯಂ ಸ್ಥಾವರಗಳು ಕೆಲಕಾಲ ನಿಂತು, ಪ್ರಪಂಚದ ಪೂರೈಕೆಯ ಸುಮಾರು ಕಾಲು ಭಾಗಕ್ಕೆ ಸಂಚಕಾರ ಬಂದಿತು. 1938ರಲ್ಲಿ ಒಬ್ಬ ಮಂತ್ರಿಯ ನಿರಾಕರಣೆಯಿಂದಾದದ್ದು ಈಗ ನೆರೆಹೊರೆಯವರ ಜಗಳದಿಂದಲೂ ಆಗಬಲ್ಲದು.

ಭಾರತಕ್ಕೆ ಬೇಕಾದ ಹೀಲಿಯಂ ಬಹುತೇಕ ಎಲ್ಲವೂ ಹೊರಗಿನಿಂದಲೇ ಬರುತ್ತದೆ. ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. ಬಂಗಾಳದ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳ ಗುಳ್ಳೆಗಳಲ್ಲಿ ಅದಿದೆ. ಕೇರಳದ ಮೊನಜೈಟ್ ಮರಳಿನಲ್ಲಿದೆ. ತಮಿಳುನಾಡಿನ ಕುತ್ತಾಲಂನ ನೈಸರ್ಗಿಕ ಅನಿಲದಲ್ಲಿ ಅತ್ಯಲ್ಪವಾಗಿ ಇದ್ದುದನ್ನು ಬೇರ್ಪಡಿಸುವ ಪ್ರಯೋಗವೂ ನಡೆದಿದೆ. ಇವುಗಳಿಂದ ದೇಶದ ಕೊರತೆ ನೀಗೀತೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಇದ್ದುದನ್ನು ಉಳಿಸಿಕೊಳ್ಳುವ ಮಾತು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶೀತವಿಜ್ಞಾನ ಕೇಂದ್ರದಲ್ಲಿ, ಪ್ರಯೋಗಗಳಲ್ಲಿ ಆವಿಯಾದ ಹೀಲಿಯಂನ್ನು ಹಿಡಿದು ಮತ್ತೆ ದ್ರವವಾಗಿಸುವ ವ್ಯವಸ್ಥೆಯಿದೆ. ಅಂತಹ ವ್ಯವಸ್ಥೆಯನ್ನು ದೊಡ್ಡ ಆಸ್ಪತ್ರೆಗಳ ಸಮೂಹಗಳಿಗೂ ಎಲ್ಲ ಸಂಶೋಧನಾಲಯಗಳಿಗೂ ಏಕೆ ಕಡ್ಡಾಯ ಮಾಡಬಾರದು? ಸರಕಾರದ ಹಣದಿಂದ ಕೊಂಡ ಹೀಲಿಯಂ ಕಿಟಕಿಯಿಂದ ಹೊರಹೋಗುವುದನ್ನು ಲೆಕ್ಕಪರಿಶೋಧಕರು ಈವರೆಗೆ ಏಕೆ ಪ್ರಶ್ನಿಸಬಾರದಾಗಿತ್ತು?

ಗಡಿಯ ಕಾವಲಿಗೂ ಚಂಡಮಾರುತದ ವೇಳೆ ಸಂಪರ್ಕವನ್ನು ಕಾಯುವುದಕ್ಕೂ ಎತ್ತರದಲ್ಲಿ ದಿನಗಟ್ಟಲೆ ನಿಲ್ಲಬಲ್ಲ ನೌಕೆಯು ಉಪಯುಕ್ತವೆಂಬುದರಲ್ಲಿ ನಮಗೆ ಸಂದೇಹವಿಲ್ಲ; ಆಗ್ರಾದವರ ಕೆಲಸವನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ. ಅವರ ನೌಕೆಯು ಮುಂದಿನ ಸಲ ಮೇಲೇರಿದಾಗ ಎಷ್ಟು ಎತ್ತರ, ಎಷ್ಟು ನಿಮಿಷ ಎಂಬುದರೊಡನೆ, ತುಂಬಿದ ಅನಿಲವನ್ನು ಯಾವ ದೇಶದಿಂದ ಯಾವ ದರಕ್ಕೆ ಕೊಂಡರು, ಇಳಿದ ಮೇಲೆ ಎಷ್ಟನ್ನು ಹಿಂದಕ್ಕೆ ಪಡೆದರು ಎಂಬ ಎರಡು ಅಂಕಿಗಳನ್ನೂ ಇಲಾಖೆಯವರು ಪ್ರಕಟಿಸಬೇಕೆಂದು ಕೋರುತ್ತೇವೆ.